ಚಿಕ್ಕಲಸಂದ್ರದ ಕುಂಬಿಯಾ

ನನಗೆ ಎರಡು ಕೆಲಸ ಬರುತ್ತವೆ. ಗೋಡೆಗೆ ಬಣ್ಣ ಹೊಡೆಯುವುದು ಒಂದು, ಟ್ರಂಪೆಟ್ ಊದುವುದು ಇನ್ನೊಂದು. ಎರಡನ್ನೂ ಚೆನ್ನಾಗಿಯೇ ಮಾಡುತ್ತೇನೆ. ಇದನ್ನು ಜಂಬ ಅನ್ನುವವರು ಅನ್ನಲಿ. ನಾನು ಬಣ್ಣ ಹೊಡೆದ ಮನೆಗಳು ಜಯನಗರದಿಂದ ಜೆ.ಪಿ. ನಗರದವರೆಗೂ ನಿಂತಿವೆ, ಬೇಕಾದವರು ಹೋಗಿ ನೋಡಿಕೊಂಡು ಬರಬಹುದು. ಟ್ರಂಪೆಟ್ಟಿನ ವಿಷಯ ಹಾಗಲ್ಲ. ಊದಿದ್ದು ಗಾಳಿಗೆ ಹೋಯಿತು ಅಂದರೆ ಹೋಯಿತು, ತೋರಿಸುವುದಕ್ಕೆ ಏನೂ ಉಳಿಯುವುದಿಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಯಾರೂ ಬಲವಂತವಾಗಿ ಬಿಡಿಸಲಿಲ್ಲ. ಗಿರಿನಗರದಲ್ಲಿ ಅಪ್ಪನದೊಂದು ಬ್ಯಾಂಡ್‌ಸೆಟ್ ಇತ್ತು. ಮದುವೆ ಸೀಸನ್ ತಲೆ ಮೇಲೆ ಬಂದಿರುವಾಗ ಟ್ರಂಪೆಟ್ಟಿನವನು ಮುನಿಸಿಕೊಂಡು ಹೊರಟುಹೋದ. ಆ ಜಾಗದಲ್ಲಿ ಒಂದು ವಾರದ ಮಟ್ಟಿಗೆ ಎಂದು ನಾನು ನಿಂತೆ. ದೊಡ್ಡವರ ಕೆಂಪು ಕೋಟು ನನ್ನ ಮೊಣಕಾಲಿಗೆ ಬರುತ್ತಿತ್ತು. ಕೋಟಿನ ಅಳತೆಗೆ ನಾನು ಬೆಳೆದೆನೇ ಹೊರತು ಮತ್ತೆ ಶಾಲೆಯ ಬೆಂಚಿನ ಮೇಲೆ ಕೂರಲಿಲ್ಲ.

ನಮ್ಮ ಬ್ಯಾಂಡಿನಲ್ಲಿ ಸ್ವರ ಬರೆದಿಟ್ಟುಕೊಳ್ಳುವ ಪದ್ಧತಿ ಇಲ್ಲ. ಎಲ್ಲವೂ ಕಿವಿಯ ಲೆಕ್ಕ. ಹಾಡು ಕೇಳಬೇಕು, ಮೇಸ್ತ್ರಿ ಅದನ್ನು ಬಾಯಲ್ಲಿ 'ಪಾಂ ಪಪಾಂ' ಎಂದು ಹಾಡಿ ತೋರಿಸಬೇಕು, ಉಳಿದವರು ತಂತಮ್ಮ ಪಾಲನ್ನು ಎತ್ತಿಕೊಳ್ಳಬೇಕು. ಅಪ್ಪನದು ಒಂದೇ ಕಟ್ಟುನಿಟ್ಟು: "ಕೇಳಿದ್ದನ್ನ ಪೂರ್ತಿ ಎತ್ಕೋ. ಮಧ್ಯದಲ್ಲಿ ಒಂದು ಚೂರೂ ಬಿಡಬೇಡ. ಬೇಡದ್ದನ್ನ ಯಾರೂ ಹಾಡಲ್ಲಿ ಇಟ್ಟಿರಲ್ಲ." ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನಡೆದದ್ದಕ್ಕೆಲ್ಲ ಇದೇ ಕಾರಣ.

ಅಪ್ಪ ಹೋದ ಮೇಲೆ ಮೇಸ್ತ್ರಿಯ ಜಾಗ ನನ್ನದಾಯಿತು. ಆದರೆ ನಾನು ಮೇಸ್ತ್ರಿಯಾಗುವ ಹೊತ್ತಿಗೆ ಕಾಲ ತಿರುಗಿತ್ತು. ಮದುವೆಯವರು ಡಿಜೆ ಗಾಡಿ ತರಿಸತೊಡಗಿದರು. ಒಂದು ಟೆಂಪೋ ತುಂಬ ಸ್ಪೀಕರು, ಹಿಂದೆ ಒಬ್ಬ ಹುಡುಗ, ಮುಗಿಯಿತು. ಅದಕ್ಕೆ ಊಟ ಹಾಕುವುದು ಬೇಡ, ಅದರ ಕೋಟಿಗೆ ಇಸ್ತ್ರಿ ಬೇಡ. ನಮ್ಮವರು ಒಬ್ಬೊಬ್ಬರೇ ಬೇರೆ ದಾರಿ ನೋಡಿಕೊಂಡರು. ದೊಡ್ಡ ಡ್ರಮ್ಮು ಬಾರಿಸುವ ನನ್ನ ಗೆಳೆಯ ಬೆನ್ನಿಗೆ ಚೌಕದ ಬ್ಯಾಗು ಹಾಕಿಕೊಂಡು ಊಟ ಡೆಲಿವರಿಗೆ ಇಳಿದ. ಕ್ಲಾರಿನೆಟ್ ನುಡಿಸುವ ನನ್ನ ಚಿಕ್ಕಪ್ಪನಿಗೆ ಬಿ.ಟಿ.ಎಂ. ಲೇಔಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿ, ನೀಲಿ ಯೂನಿಫಾರ್ಮು ಮನೆಗೇ ಬಂದಿತ್ತು. ಇನ್ನೂ ಹಾಕಿಕೊಂಡಿರಲಿಲ್ಲ ಅಷ್ಟೆ. ಮದುವೆ ತಿಂಗಳು ಮುಗಿಯಲಿ ಎಂದು ಗೂಟಕ್ಕೆ ನೇತುಹಾಕಿದ್ದರು. ಅವರ ಮನೆಗೆ ಹೋದಾಗಲೆಲ್ಲ ಆ ನೀಲಿ ಅಂಗಿ ಯಾರೋ ನಿಂತುಕೊಂಡು ಕಾಯುತ್ತಿರುವ ಹಾಗೆ ಕಾಣುತ್ತಿತ್ತು.

ಹೀಗಿರುವಾಗ ಚಿಕ್ಕಲಸಂದ್ರದ ಮನೆಯಿಂದ ಕರೆ ಬಂತು.

ಅದು ಹಳೇ ಊರಿನ ಮನೆತನ. ಹಿಂದೆ ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಬಾಡಿಗೆ ಮನೆಗಳು ಸಾಲಾಗಿ ನಿಂತಿವೆ. ಆ ಮನೆಯ ಯಜಮಾನರ ಮದುವೆಗೆ ನುಡಿಸಿದ್ದು ನಮ್ಮಪ್ಪ, ಅವರ ಅಪ್ಪನ ಮದುವೆಗೆ ನಮ್ಮ ತಾತ. ಈಗ ಯಜಮಾನರ ಮಗಳ ಮದುವೆ. ನಾನು ಖುಷಿಯಿಂದ ಹೋದೆ. ಯಜಮಾನರು ಜಗುಲಿಯ ಮೇಲೆ ಕೂತು, ನನ್ನ ಮುಖ ನೋಡದೆ ಮಾತಾಡಿದರು.

"ಮೇಸ್ತ್ರಿ, ಗಂಡಿನೋರ್ನ ಎದುರುಗೊಳ್ಳೋಕೆ ಮಾತ್ರ ನೀವು ಬನ್ನಿ. ದೇವಸ್ಥಾನದಿಂದ ಛತ್ರದ ಗೇಟ್‌ವರ್ಗೂ. ಆಮೇಲೆ ಡಿಜೆ. ನನ್ನ ಮಗ ಬುಕ್ ಮಾಡ್ಬಿಟ್ಟವ್ನೆ."

ಮಗ ಅಲ್ಲೇ ಬೈಕಿನ ಮೇಲೆ ಕೂತಿದ್ದ. "ಬೇಜಾರ್ ಮಾಡ್ಕೋಬೇಡಿ ಅಣ್ಣ. ಬ್ಯಾಂಡ್ ಅಂದ್ರೆ ನಮ್ ಫ್ರೆಂಡ್ಸೆಲ್ಲ ನಗ್ತಾರೆ. ಅಪ್ಪ ಶಾಸ್ತ್ರಕ್ಕೆ ಬೇಕು ಅಂದ್ರು ಅಂತ ಒಪ್ಕೊಂಡೆ. ನನ್ ಮದ್ವೆಗಂತೂ ಅದೂ ಇರಲ್ಲ."

ಹೊರಗೆ ಕಾಯುತ್ತಿದ್ದ ಚಿಕ್ಕಪ್ಪನಿಗೆ ವಿಷಯ ತಿಳಿಸಿದೆ. ಅವರು ಹೇಳಿದ್ದು ಇಷ್ಟು: "ಈ ಮನೇನೇ ಬೇಡ ಅಂದ್ಮೇಲೆ ಇನ್ಯಾರು ಕರೀತಾರೋ? ಇದೊಂದು ನುಡಿಸ್ಬಿಟ್ಟು ಕೋಟು ಮಡಚಿಡೋಣ." ಡ್ರಮ್ಮಿನ ಗೆಳೆಯನೂ ಅದನ್ನೇ ಹೇಳಿದ. ಉಳಿದವರೂ ಹೂಂ ಅಂದರು. ನಾನು ಒಬ್ಬನೇ ಹೂಂ ಅನ್ನಲಿಲ್ಲ. ನಮಗೆ ಸಿಕ್ಕಿದ್ದು ಒಂದೇ ಒಂದು ಬೀದಿ. ಆ ಬೀದಿ ಮುಗಿಯುವುದರೊಳಗೆ ಜನ ನಮ್ಮನ್ನು ಬೇಕು ಅನ್ನಬೇಕು. ಇಲ್ಲವಾದರೆ ತಾತ ಕಟ್ಟಿದ ಬ್ಯಾಂಡು ಛತ್ರದ ಗೇಟಿನ ಮುಂದೆ ನಿಂತುಹೋಗುತ್ತದೆ. ಹೇಗೆ ಬೇಕು ಅನಿಸುವುದು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ. ಸಿನಿಮಾ ಹಾಡು ನುಡಿಸಿದರೆ ಡಿಜೆಯಲ್ಲಿ ಅದೇ ಹಾಡು ನಮಗಿಂತ ಹತ್ತು ಪಟ್ಟು ಜೋರಾಗಿ ಬರುತ್ತದೆ.

ಅದೇ ಸಮಯಕ್ಕೆ ಜಯನಗರದಲ್ಲಿ ಒಂದು ಹಳೆಯ ಮನೆಗೆ ಒಳಗೂ ಹೊರಗೂ ಬಣ್ಣ ಹೊಡೆಯುವ ಕೆಲಸ ಹಿಡಿದಿದ್ದೆ. ಮನೆಯಲ್ಲಿದ್ದದ್ದು ಒಬ್ಬರೇ, ಕಾಲೇಜಿನಲ್ಲಿ ಪಾಠ ಹೇಳಿ ರಿಟೈರಾದ ಹೆಂಗಸು. ಮೊದಲ ದಿನ ಮೇಡಂ ಅಂದೆ. "ಮೇಡಂ ಗೀಡಂ ಎಲ್ಲ ಕಾಲೇಜಲ್ಲೇ ಬಿಟ್ಟು ಬಂದಿದೀನಿ, ಆಂಟಿ ಅನ್ನು ಸಾಕು" ಅಂದರು. ಅವರ ಅಡುಗೆಮನೆಯ ಕಟ್ಟೆಯ ಮೇಲೆ ಇಂಟರ್ನೆಟ್ಟಿನಿಂದ ನಡೆಯುವ ಒಂದು ರೇಡಿಯೋ ಇತ್ತು. ನಾನು ಗೋಡೆ ಉಜ್ಜಲು ಶುರು ಮಾಡಿದೆ, ಅವರು ಹುರುಳಿಕಾಯಿ ಹೆಚ್ಚಲು ಕೂತರು, ರೇಡಿಯೋದಿಂದ ಟ್ರಂಪೆಟ್ ಬಂತು.

ನಾನು ಉಜ್ಜುವುದನ್ನು ನಿಲ್ಲಿಸಿಬಿಟ್ಟೆ. ಒಂದಲ್ಲ, ಎರಡು ಟ್ರಂಪೆಟ್ ಜೊತೆಯಲ್ಲಿ, ಒಂದು ಮೇಲೆ ಇನ್ನೊಂದು ಕೆಳಗೆ, ಅಣ್ಣ ತಮ್ಮ ಹೆಗಲ ಮೇಲೆ ಕೈ ಹಾಕಿಕೊಂಡು ಬೀದಿಯಲ್ಲಿ ನಡೆದ ಹಾಗೆ.

"ಇದು ಯಾವ್ದು ಆಂಟಿ? ಯಾವ ಸಿನಿಮಾ?"

"ಸಿನಿಮಾ ಅಲ್ಲಪ್ಪ. ಮೆಕ್ಸಿಕೋ ದೇಶದ್ದು. ಮರಿಯಾಚಿ ಅಂತಾರೆ. ಇದು ಲ್ಯಾಟಿನ್ ಸ್ಟೇಷನ್ನು. ಮಂಡಿ ನೋವಿಗೆ ಡಾಕ್ಟರು ನಡೀರಿ ಅಂದ್ರು. ನಡೆಯೋದು ಬೋರು. ಪಾರ್ಕಲ್ಲಿ ಹೆಂಗಸ್ರಿಗೆ ಡ್ಯಾನ್ಸ್ ಕ್ಲಾಸ್ ಇದೆ, ಅಲ್ಲಿಗೆ ಸೇರ್ಕೊಂಡೆ. ಅಲ್ಲಿ ಇವೇ ಹಾಡು ಹಾಕ್ತಾರೆ. ಆಮೇಲೆ ಇದೇ ಹುಚ್ಚಾಯ್ತು ನೋಡು."

"ಭಾಷೆ ಗೊತ್ತಾ ನಿಮ್ಗೆ?"

"ಒಂದಕ್ಷರ ಗೊತ್ತಿಲ್ಲ. ನನಗೆ ಅರ್ಥ ಆಗಲ್ಲ, ಮಂಡಿಗೆ ಅರ್ಥ ಆಗತ್ತೆ."

ಆ ಮನೆಯ ಕೆಲಸ ಮುಗಿಯುವವರೆಗೂ ನನ್ನ ದಿನ ಆ ರೇಡಿಯೋದ ಲೆಕ್ಕದಲ್ಲಿ ನಡೆಯಿತು. ನಾನು ಲ್ಯಾಟಿನ್ ಸಂಗೀತ ಅಂದರೆ ಒಂದು ಅಂದುಕೊಂಡಿದ್ದೆ. ಅದು ಒಂದಲ್ಲ, ಒಂದು ದೊಡ್ಡ ಸಂತೆ. ಬೆಳಿಗ್ಗೆ ಮೊದಲ ಕಾಫಿಯ ಹೊತ್ತಿಗೆ ಆಂಟಿ ಬೊಲೆರೊ ಹಾಕುತ್ತಿದ್ದರು. ಗಿಟಾರು ಮೆತ್ತಗೆ, ಹಾಡುವವನು ಇನ್ನೂ ಮೆತ್ತಗೆ, ಬಾಗಿಲು ತೆಗೆಯದ ಹುಡುಗಿಯನ್ನು ಹೊರಗಿನಿಂದ ಬೇಡಿಕೊಳ್ಳುವವನ ಹಾಗೆ. ಪ್ರೈಮರ್ ಬಳಿಯಲು ಅದಕ್ಕಿಂತ ಒಳ್ಳೆಯ ಸಂಗೀತ ಇಲ್ಲ, ಕೈ ತಾನಾಗಿ ಉದ್ದಕ್ಕೆ ಎಳೆಯುತ್ತದೆ. ಬಿಸಿಲೇರಿದ ಮೇಲೆ ಸಾಲ್ಸಾ. ಅದರಲ್ಲಿ ಡ್ರಮ್ಮುಗಳೆಲ್ಲ ಬೇರೆ ಬೇರೆ ಮಾತಾಡುತ್ತಿರುತ್ತವೆ, ಆದರೂ ಜಗಳವಾಗುವುದಿಲ್ಲ. ಮೆರೆಂಗೆ ಬಂದರೆ ಹೊರಟುಬಿಟ್ಟ ಬಸ್ಸಿನ ಹಿಂದೆ ಓಡುತ್ತಿರುವ ಹಾಗಾಗಿ ರೋಲರ್ ಎಲ್ಲೆಂದರಲ್ಲಿ ಚಿಮ್ಮುತ್ತಿತ್ತು. ಬಚಾಟಾ ಬಂದಾಗ ಆಂಟಿ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಒಂದು, ಎರಡು, ಮೂರು... ನಾಲ್ಕನೇದಕ್ಕೆ ಸೊಂಟ, ನೋಡ್ಕೋ" ಎಂದು ಮಾಡಿ ತೋರಿಸಿ, "ಯಾರಿಗೂ ಹೇಳ್ಬೇಡ" ಎಂದು ಒಳಗೆ ಹೋದರು. ಟ್ಯಾಂಗೊದಲ್ಲಿ ಬರುವ ತಿದಿಯ ವಾದ್ಯ ನಮ್ಮ ನಾಟಕದ ಹಾರ್ಮೋನಿಯಮ್ಮಿನ ದೂರದ ನೆಂಟ, ಆದರೆ ಸಿಟ್ಟು ಜಾಸ್ತಿ.

ಒಂದು ಮಧ್ಯಾಹ್ನ ಬಾಂಡಾ ಎಂಬುದು ಬಂತು, ಅದೂ ಮೆಕ್ಸಿಕೋದ್ದೇ. ಹಿತ್ತಾಳೆ ವಾದ್ಯಗಳ ದೊಡ್ಡ ಗುಂಪು, ಸಾಲು ಕ್ಲಾರಿನೆಟ್ಟು, ಕೆಳಗೆ ದೊಡ್ಡ ಡ್ರಮ್ಮಿನ ಏಟು. ಆಂಟಿ ಮೊಬೈಲಿನಲ್ಲಿ ಅವರ ಫೋಟೋ ಹುಡುಕಿ ತೋರಿಸಿದರು. ಎಲ್ಲರೂ ಒಂದೇ ಬಣ್ಣದ ಕೋಟು ಹಾಕಿಕೊಂಡು, ಎದೆ ಮುಂದೆ ಮಾಡಿ, ಸಾಲಾಗಿ ನಿಂತಿದ್ದರು. ಕೋಟಿನ ತೋಳಿನಲ್ಲಿ ಚಿನ್ನದ ಬಣ್ಣದ ಪಟ್ಟಿ. ಹಿಂದೆ ಸಾವಿರಾರು ಜನ. ಯಾರೂ ನಗುತ್ತಿರಲಿಲ್ಲ, ಎಲ್ಲರೂ ಕುಣಿಯುತ್ತಿದ್ದರು. ನಾನು ಆ ಫೋಟೋವನ್ನು ಬಹಳ ಹೊತ್ತು ನೋಡಿದೆ. ಭೂಮಿಯ ಆ ಕಡೆಯಲ್ಲಿ ನಮ್ಮ ಕೆಲಸ ಸತ್ತಿಲ್ಲ ಎಂದಾಯಿತು. ಅಲ್ಲಿ ಸಾಯದಿದ್ದರೆ ಇಲ್ಲಿ ಯಾಕೆ ಸಾಯಬೇಕು?

ಆಂಟಿಗೆ ಮದುವೆಯ ವಿಷಯ ಹೇಳಿದೆ. ಅವರು ತಲೆ ಅಲ್ಲಾಡಿಸಿ, "ಸಾಲ್ಸಾ ಬೇಡ, ನಡೆಯೋರಿಗೆ ಆಗಲ್ಲ. ಮೆರೆಂಗೆಗೆ ಮದುವೆಮನೆ ಅಜ್ಜಿಯರು ಬಿದ್ದು ಹೋಗ್ತಾರೆ. ನಿನಗೆ ಬೇಕಿರೋದು ಕುಂಬಿಯಾ" ಅಂದರು. "ನೀನು ಮನೆಗೆ ಹೋದ ಮೇಲೆ ಸಂಜೆ ಒಂದು ಸ್ಟೇಷನ್ ಹಾಕ್ತೀನಿ. ಬರೀ ಕುಂಬಿಯಾನೇ. ಒಂದು ಹಾಡು ರೆಕಾರ್ಡ್ ಮಾಡಿ ಕಳಿಸ್ತೀನಿ."

ಹಾಗೇ ಮಾಡಿದರು. ರೇಡಿಯೋದ ಪಕ್ಕ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದ್ದರಿಂದ ಹಾಡಿನ ಕೊನೆಗೆ ಕುಕ್ಕರ್ ಕೂಗೂ ಸೇರಿಕೊಂಡಿತ್ತು. ಕೊಲಂಬಿಯಾ ದೇಶದ ಹಳೆಯ ಹಾಡಂತೆ. ಕ್ಲಾರಿನೆಟ್ಟು, ಟ್ರಂಪೆಟ್ಟು, ಕೆಳಗೆ 'ಚಿಕ್ ಚಿಕಿ ಚಿಕ್ ಚಿಕಿ' ಎಂದು ಏನನ್ನೋ ಕೆರೆಯುವ ಸದ್ದು. ನಡಿಗೆಯ ವೇಗವೇ. ಓಟವಲ್ಲ, ತೂಕಡಿಕೆಯೂ ಅಲ್ಲ. ಹೊಸ ಸೀರೆ ಉಟ್ಟು ನೆಂಟರ ಮುಂದೆ ನಡೆಯುವ ಗತ್ತು. ಕೇಳಿದ ತಕ್ಷಣ ಎದುರುಗೊಳ್ಳುವ ಮೆರವಣಿಗೆ ನನ್ನ ಕಣ್ಣ ಮುಂದೆ ಬಂತು. ಆ ರೆಕಾರ್ಡನ್ನು ನಮ್ಮವರೆಲ್ಲರ ಮೊಬೈಲಿಗೂ ಕಳಿಸಿದೆ.

ಭಾನುವಾರ ಮಧ್ಯಾಹ್ನ ಗಿರಿನಗರದ ನಮ್ಮ ಶೆಡ್ಡಿನಲ್ಲಿ ಪ್ರಾಕ್ಟೀಸು. ಮೊದಲಿಗೆ ಚಿಕ್ಕಪ್ಪ ಮೂಗು ಮುರಿದರು. "ಯಾವ್ದೋ ದೇಶದ ಹಾಡು, ನಮ್ ಬಾಯಿಗೆ ಹತ್ತುತ್ತೇನೋ?"

"ಒಂದ್ಸಲ ನುಡ್ಸಿ ನೋಡಿ ಚಿಕ್ಕಪ್ಪ. ನಿಮ್ ಕ್ಲಾರಿನೆಟ್ಟಿಗೇ ಮಾಡ್ಸಿರೋ ಹಾಗಿದೆ."

ಅವರು ಪೀಪಿ ಒದ್ದೆ ಮಾಡಿಕೊಂಡು ಒಂದು ಸಲ ನುಡಿಸಿದರು. ಮತ್ತೆ ಕೇಳದೆಯೇ ಎರಡನೇ ಸಲ ನುಡಿಸಿದರು. ಆಮೇಲೆ ಕ್ಲಾರಿನೆಟ್ ಕೆಳಗಿಟ್ಟು ಅದನ್ನೇ ನೋಡುತ್ತ, "ಅಲ್ಲ ಕಣೋ, ಇಷ್ಟು ದಿನ ಎಲ್ಲಿತ್ತೋ ಇದು?" ಅಂದರು.

ಕೆರೆಯುವ ಸದ್ದಿಗೆ ಏನು ಮಾಡುವುದು ಎಂಬ ಪ್ರಶ್ನೆ ಬಂತು. ನಾನು ಬಣ್ಣದ ಸಾಮಾನಿನಿಂದ ಪುಟ್ಟಿ ಬಳಿಯುವ ತಗಡು ತಂದೆ. ಎಲೆಕ್ಟ್ರಿಕ್ ಕೆಲಸದವರು ಬಿಟ್ಟುಹೋದ ಗೀರುಗೀರಿನ ಪೈಪಿನ ತುಂಡೊಂದು ಮೂಲೆಯಲ್ಲಿತ್ತು. ಅದರ ಮೇಲೆ ತಗಡು ಎಳೆದರೆ ರೇಡಿಯೋದಲ್ಲಿ ಇದ್ದದ್ದೇ ಸದ್ದು! ತಾಳದವನು ತಾಳ ಬಿಟ್ಟು ಅದನ್ನೇ ಹಿಡಿದುಕೊಂಡ. "ಲೇ ಗುರು, ಮದ್ವೆ ಮನೆಗೆ ಪೇಂಟಿಂಗ್‌ಗೆ ಹೋಗ್ತಿದೀವಾ, ಬ್ಯಾಂಡ್‌ಗಾ?" ಎಂದು ಡ್ರಮ್ಮಿನ ಗೆಳೆಯ ನಕ್ಕ.

ಆ ಹಾಡಿನ ನಡುವೆ ಒಂದು ವಿಚಿತ್ರ ಜಾಗವಿತ್ತು. ಎಲ್ಲ ವಾದ್ಯಗಳೂ ಇದ್ದಕ್ಕಿದ್ದಂತೆ ಅಡಗುತ್ತವೆ. ಟ್ರಂಪೆಟ್ಟು ಮೂರು ಸ್ವರ ಮೇಲಕ್ಕೆ ಹಾರುತ್ತದೆ, ಡ್ರಮ್ಮು 'ಢಂ ಢಢಂ' ಅನ್ನುತ್ತದೆ, ಗಂಡಸಿನ ದೊಡ್ಡ ದನಿಯೊಂದು ಏನೋ ಕೂಗುತ್ತದೆ. ತಕ್ಷಣ ಹಾಡು ಮತ್ತೆ ಶುರು. ಆ ಕೂಗಿನ ಮಾತು ಏನೆಂದು ನಮಗೆ ತಿಳಿಯಲಿಲ್ಲ. ಚಿಕ್ಕಪ್ಪನೇ, "ನಾವು 'ಓಹೋಯ್' ಅನ್ನೋಣ, ಅದೇ ಸರಿಹೋಗುತ್ತೆ" ಅಂದರು. ಹಾಡಿನಲ್ಲಿ ಎಲ್ಲರಿಗೂ ಇಷ್ಟವಾದ ಜಾಗ ಅದೇ ಆಯಿತು. ಆ 'ಢಂ ಢಢಂ' ಬಾರಿಸುವಾಗ ಗೆಳೆಯನ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಬೆಳಕು ಬರುತ್ತಿತ್ತು. ಇದರ ಜೊತೆಗೆ ನಿಧಾನದ ಒಂದು ಬೊಲೆರೊ, ಓಟದ ಒಂದು ಮೆರೆಂಗೆಯನ್ನೂ ಕಲಿತಿಟ್ಟುಕೊಂಡೆವು. ಒಂದು ಬೀದಿಗೆ ಮೂರು ಯಾಕೆ ಎಂದು ಯಾರೂ ಕೇಳಲಿಲ್ಲ.

ಮದುವೆಗೆ ವಾರವಿರುವಾಗ ಆಂಟಿಯನ್ನು ಪ್ರಾಕ್ಟೀಸಿಗೆ ಕರೆದೆ. ಸುಮ್ಮನೆ ಅಲ್ಲ, ತೋರಿಸಿಕೊಳ್ಳಬೇಕು ಎಂದೇ. ಆಟೋದಲ್ಲಿ ಬಂದರು, ಎಲ್ಲರಿಗೂ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ನಾವು ಶುರು ಮಾಡಿದೆವು. ಆಂಟಿಯ ಕಾಲು ಕುರ್ಚಿಯ ಕೆಳಗೆ ತಾಳ ಹಾಕುತ್ತಿತ್ತು. ನಡುವಿನ ಜಾಗ ಬಂತು. ಟ್ರಂಪೆಟ್ಟು ಹಾರಿತು, ಢಂ ಢಢಂ, ಎಲ್ಲರೂ "ಓಹೋಯ್!"

ಆಂಟಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ತಡೆಯಲಾರದೆ ಜೋರಾಗಿ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾವು ನುಡಿಸುವುದನ್ನು ನಿಲ್ಲಿಸಿದೆವು.

"ಏನಾಯ್ತು ಆಂಟಿ?"

"ಅಯ್ಯೋ, ಅದು ಹಾಡಲ್ಲ ಕಣಪ್ಪ! ಅದು ರೇಡಿಯೋ ಸ್ಟೇಷನ್ನೋರ ಜಾಹೀರಾತು! ಹಾಡಿನ ಮಧ್ಯೆ ಮಧ್ಯೆ ಅವ್ರ ಸ್ಟೇಷನ್ ಹೆಸರು ಕೂಗಿಸ್ತಾರೆ. ದಿನಾ ಕೇಳಿ ಕೇಳಿ ನನಗೆ ಅದು ಕಿವಿಗೇ ಬೀಳಲ್ಲ. ನೀವು ಅದನ್ನೂ ಕಲ್ತಿದೀರಾ!"

ತಾಳದವನು ಪೈಪನ್ನು ಬೆನ್ನ ಹಿಂದೆ ಇಟ್ಟುಕೊಂಡ. ಚಿಕ್ಕಪ್ಪನ ಮುಖ ಕೆಂಪಾಯಿತು.

"ಜಾಹೀರಾತು ನುಡಿಸೋಕೆ ನಮ್ಮಪ್ಪ ನಂಗೆ ಕ್ಲಾರಿನೆಟ್ ಕೊಟ್ಟಿದ್ನಾ? ಆ ಹುಡುಗ್ರು ಮೊದ್ಲೇ ನಗ್ತಾರೆ. ಗೊತ್ತಾದ್ರೆ ಏನಂತಾರೆ? ನಾಳೆ ಸೋಪಿನ ಜಾಹೀರಾತೂ ನುಡ್ಸಿ ಅಂತಾರೆ!"

ಆಂಟಿಗೆ ಪಾಪ ಅನಿಸಿತು. "ನಾನು ನಗಬಾರದಿತ್ತು. ನಿಜವಾಗಿ ಹೇಳ್ತೀನಿ, ಚೆನ್ನಾಗಿತ್ತಪ್ಪ. ಇಡೀ ಹಾಡಲ್ಲಿ ಅದೇ ಚೆನ್ನಾಗಿತ್ತು."

ಚಿಕ್ಕಪ್ಪ ಒಪ್ಪಲಿಲ್ಲ. ಅದನ್ನು ತೆಗೆದೇ ನುಡಿಸಬೇಕು, ಇಲ್ಲವಾದರೆ ತಾವು ಬರುವುದಿಲ್ಲ ಎಂದರು. ತೆಗೆದೆವು. ತೆಗೆದು ನುಡಿಸಿದಾಗ ತಪ್ಪೇನೂ ಇರಲಿಲ್ಲ, ಹಾಡು ಸರಾಗವಾಗಿ ಸಾಗಿತು. ಅಷ್ಟೇ, ಸಾಗಿತು. ಒಗ್ಗರಣೆ ಇಲ್ಲದ ಸಾರಿನ ಹಾಗೆ. ಗೆಳೆಯನ ಮುಖದ ಬೆಳಕೂ ಆರಿತು. ಹೋಗುವಾಗ ಅವನು, "ಮಗಾ, ನನ್ ಕೈಗೆ ಅದು ಕೂತ್ಬಿಟ್ಟೈತೆ. ತೆಗೀಬೇಕು ಅಂದ್ರೆ ಯೋಚ್ನೆ ಮಾಡಿ ತೆಗೀಬೇಕು" ಎಂದು ಹೇಳಿಹೋದ.

ಮದುವೆಯ ಹಿಂದಿನ ಸಂಜೆ. ಬಿಸಿಲು ಇಳಿಯುವ ಹೊತ್ತು. ನಾವು ಕೆಂಪು ಕೋಟಿಗೆ ಇಸ್ತ್ರಿ ಹಾಕಿಸಿ, ಹಿತ್ತಾಳೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳೆಯಿಸಿ, ದೇವಸ್ಥಾನದ ಮುಂದೆ ಸಾಲಾಗಿ ನಿಂತೆವು. ಗಂಡು ಹೂವಿನ ಕಾರಿನಲ್ಲಿ ಕೂತಿದ್ದ. ಬೀದಿಯ ಆ ತುದಿಯಲ್ಲಿ ಛತ್ರದ ಗೇಟು. ಗೇಟಿನ ಪಕ್ಕದಲ್ಲೇ ಡಿಜೆಯ ಟೆಂಪೋ, ಸ್ಪೀಕರುಗಳನ್ನು ನಮ್ಮ ಕಡೆಗೇ ತಿರುಗಿಸಿಕೊಂಡು. ಯಜಮಾನರ ತಾಯಿ ಆರತಿ ತಟ್ಟೆಯ ಹಿಂದೆ, ಕೋಲೂರಿಕೊಂಡು ಹೆಂಗಸರ ಮುಂದಿದ್ದರು. ಯಜಮಾನರ ಮಗ, ಅವನ ಸ್ನೇಹಿತರು ಮೊಬೈಲು ನೋಡುತ್ತ ಬದಿಯಲ್ಲಿ ನಡೆಯುತ್ತಿದ್ದರು. ಆಂಟಿಯೂ ಬಂದಿದ್ದರು, ಯಜಮಾನರ ಅಪ್ಪಣೆ ಕೇಳಿ ನಾನೇ ಕರೆದಿದ್ದೆ.

ಮೊದಲು ಮಂಗಳದ ಹಾಡು ನುಡಿಸಿ ದೇವರಿಗೆ ಕೈಮುಗಿದೆವು. ಆಮೇಲೆ ನಾನು ಚಿಕ್ಕಪ್ಪನ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ ಕುಂಬಿಯಾ ಎತ್ತಿದರು.

ಪೈಪಿನ ಮೇಲೆ ಪುಟ್ಟಿ ತಗಡು ಚಿಕ್ ಚಿಕಿ ಅಂದಿತು. ಹೆಂಗಸರ ನಡಿಗೆ ತಾನಾಗಿ ತಾಳಕ್ಕೆ ಬಿತ್ತು. "ಯಾವ್ ಹಾಡೇ ಇದು?" ಎಂದು ಯಾರೋ ಕೇಳಿದರು, "ಹೊಸಾದು ಇರ್ಬೇಕು" ಎಂದು ಇನ್ಯಾರೋ. ಅಷ್ಟೇ. ಹುಡುಗರು ಮೊಬೈಲಿನಿಂದ ತಲೆ ಎತ್ತಲಿಲ್ಲ. ಬೀದಿ ನಮ್ಮ ಕಾಲ ಕೆಳಗಿನಿಂದ ಜಾರಿಹೋಗುತ್ತಿತ್ತು. ಅರ್ಧ ಬೀದಿ ಮುಗಿದೇ ಹೋಯಿತು. ನಡುವಿನ ಜಾಗ ಹತ್ತಿರ ಬರುತ್ತಿದ್ದಂತೆ, ಬಿಡಬೇಕು, ಬಿಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಢಂ ಢಢಂ!

ಗೆಳೆಯನ ಕೈ. ಅವನ ಮುಖ ನೋಡಿದೆ, ಅವನಿಗೇ ಗಾಬರಿಯಾಗಿತ್ತು. ಆದರೆ ಅವನನ್ನು ಬೈಯುವುದಕ್ಕೆ ನನಗೆ ಬಾಯಿ ಎಲ್ಲಿತ್ತು? ಅದಕ್ಕೂ ಮೊದಲೇ ನನ್ನ ತುಟಿ ಮೂರು ಸ್ವರವನ್ನೂ ಊದಿಬಿಟ್ಟಿತ್ತು. ಎಲ್ಲ ವಾದ್ಯಗಳೂ ನಿಂತವು. ಕೂಗಿನ ಜಾಗ ಖಾಲಿ ಬಿದ್ದಿತ್ತು. ಆ ಖಾಲಿಯನ್ನು ಬಿಟ್ಟು ಮುಂದಕ್ಕೆ ಹೋದರೆ ನಾವು ತಪ್ಪಿದೆವು ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಆಗ ಚಿಕ್ಕಪ್ಪ, ಯಾರು ಬೇಡ ಅಂದಿದ್ದರೋ ಅವರೇ, ಕ್ಲಾರಿನೆಟ್ಟನ್ನು ಬಾಯಿಂದ ತೆಗೆದು ಆಕಾಶಕ್ಕೆ ಎತ್ತಿ ಕೂಗಿದರು.

"ಓಹೋಯ್!"

ಆ ಕೂಗು ಎದುರಿನ ಮನೆಯ ಗೋಡೆಗೆ ಬಡಿದು ವಾಪಸ್ಸು ಬಂತು. ಮೊಬೈಲು ನೋಡುತ್ತಿದ್ದವರು ತಲೆ ಎತ್ತಿದರು. ಗುಂಪಿನಲ್ಲಿ ಎಲ್ಲಿಂದಲೋ ಇನ್ನೊಂದು "ಓಹೋಯ್" ಕೇಳಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಆಂಟಿಯದು. ಎಲ್ಲರೂ ನಕ್ಕರು. ಯಾವ ನಗು ಹೇಗಿರುತ್ತದೆ ಎಂದು ಬ್ಯಾಂಡಿನವರಿಗೆ ಗೊತ್ತು. ಅದು ನಮ್ಮನ್ನು ನೋಡಿ ನಕ್ಕ ನಗುವಲ್ಲ, ನಮ್ಮ ಜೊತೆ ನಕ್ಕ ನಗು.

ನಾನು ಚಿಕ್ಕಪ್ಪನ ಕಡೆ ಬೆರಳು ತಿರುಗಿಸಿದೆ, ಮೊದಲಿಂದ ಎಂದು. ಎರಡನೇ ಸುತ್ತಿಗೆ ಹುಡುಗರು ಆ ಜಾಗಕ್ಕೆ ಕಾದು ನಿಂತರು. ಟ್ರಂಪೆಟ್ಟು ಹಾರುವ ಮೊದಲೇ ಕೈ ಎತ್ತಿದ್ದರು. ಢಂ ಢಢಂ. "ಓಹೋಯ್!" ಈ ಸಲ ಇಡೀ ಬೀದಿ. ಹಿಂದೆ ಸಿಕ್ಕಿಕೊಂಡಿದ್ದ ಆಟೋದವನು ಮೂರು ಸಲ ಹಾರನ್ ಹೊಡೆದು ಜೊತೆಯಾದ. ಮೇಲಿನ ಬಾಲ್ಕನಿಗಳಲ್ಲಿ ಜನ ಬಂದು ನಿಂತರು. ಮೂರನೇ ಸುತ್ತಿಗೆ ಗಂಡು ಕಾರಿನ ಬಾಗಿಲು ತೆಗೆದು ಇಳಿದೇಬಿಟ್ಟ. ಮೆರವಣಿಗೆ ನಿಂತಲ್ಲೇ ನಿಂತಿತು. ಪುರೋಹಿತರು ಮುಂದಿನಿಂದ, "ರೀ, ಸ್ವಲ್ಪ ನಡೀರಿ, ಒಳಗೆ ಹೊತ್ತಾಗತ್ತೆ!" ಎಂದು ಕೂಗುತ್ತಿದ್ದರು, ಯಾರೂ ಕೇಳಲಿಲ್ಲ. ಯಜಮಾನರ ತಾಯಿ ಕೋಲನ್ನು ನೆಲಕ್ಕೆ ಕುಟ್ಟಿ ಢಂ ಢಢಂ ಲೆಕ್ಕ ಹಿಡಿಯುತ್ತಿದ್ದರು.

ಯಜಮಾನರ ಮಗ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ. "ಅಣ್ಣಾ, ಸಖತ್ ಅಣ್ಣ! ಎಲ್ಲಿಂದ ತಂದ್ರಿ ಇದ್ನ?"

"ಕೊಲಂಬಿಯಾದಿಂದ" ಅಂದೆ, ಬನಶಂಕರಿ ಮಾರ್ಕೆಟ್ಟಿನಿಂದ ತಂದವನ ಹಾಗೆ.

"ಇನ್ನೊಂದ್ಸಲ ಅಣ್ಣ, ಪ್ಲೀಸ್."

ಗೇಟಿನ ಹತ್ತಿರ ಬಂದಾಗ ನಾನು ಅಭ್ಯಾಸದಂತೆ ನಿಲ್ಲಿಸಲು ಕೈ ಎತ್ತಿದೆ. ನಮ್ಮ ಬೀದಿ ಮುಗಿದಿತ್ತು. ಡಿಜೆಯವನು ಕೂಡ ಟೆಂಪೋದಿಂದ ಇಳಿದು ಮೊಬೈಲಿನಲ್ಲಿ ನಮ್ಮದನ್ನೇ ರೆಕಾರ್ಡ್ ಮಾಡುತ್ತಿದ್ದ. ಯಜಮಾನರು ಮಗನ ಕಡೆ ನೋಡಿದರು. ಮಗ ಡಿಜೆಯವನ ಕಡೆ ತಿರುಗಿ, "ಬ್ರೋ, ಊಟ ಆಗೋವರ್ಗೂ ಆಫ್ ಮಾಡಿಟ್ಟಿರು. ಇವ್ರು ಒಳಗಡೆ ಬರ್ತಾರೆ" ಅಂದ.

ಒಳಗಡೆ! ನಾನು ಬ್ಯಾಂಡಿಗೆ ಸೇರಿದಾಗಿನಿಂದ ನಮ್ಮನ್ನು ಯಾರೂ ಛತ್ರದ ಒಳಗೆ ನುಡಿಸಲು ಕರೆದಿರಲಿಲ್ಲ. ಗೇಟಿನ ಹೊರಗೇ ನಮ್ಮ ಲೋಕ ಮುಗಿಯುತ್ತಿತ್ತು. ಕೋಟಿನ ಗುಂಡಿ ಸರಿಮಾಡಿಕೊಂಡು ಒಳಗೆ ನಡೆದೆವು. ಯಜಮಾನರ ಮಗಳು ಸ್ಟೇಜಿಗೆ ಬರುವಾಗ ಚಿಕ್ಕಪ್ಪ ಬೊಲೆರೊ ನುಡಿಸಿದರು. ಡ್ರಮ್ಮಿಲ್ಲ, ಟ್ರಂಪೆಟ್ಟಿಲ್ಲ, ಕ್ಲಾರಿನೆಟ್ ಒಂದೇ. ಹುಡುಗಿ ತಲೆ ಎತ್ತಿ ಚಿಕ್ಕಪ್ಪನನ್ನು ನೋಡಿ ನಕ್ಕಳು. ತನ್ನ ಅಪ್ಪನ ಮದುವೆಗೆ ನುಡಿಸಿದವರ ಮನೆಯವರು ಇವರು ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಊಟಕ್ಕೆ ಬಾಗಿಲು ತೆಗೆದಾಗ ಮೊದಲ ಪಂಕ್ತಿಗೆ ಜನ ನುಗ್ಗಿದ ರೀತಿ ನೋಡಿ ನಾನು ಮೆರೆಂಗೆ ಎತ್ತಿದೆ. ಆ ಓಟಕ್ಕೆ ಅದಕ್ಕಿಂತ ಸರಿಯಾದ ಹಾಡು ಇನ್ನೊಂದಿರಲಿಲ್ಲ. ನಗುತ್ತ ನಗುತ್ತ ಎಲೆಯ ಮುಂದೆ ಕೂತರು.

ನಾವು ಊಟಕ್ಕೆ ಕೂತಾಗ ಯಜಮಾನರು ತಾವೇ ಪಾಯಸದ ಪಾತ್ರೆ ಹಿಡಿದು ಬಂದರು. ಈ ಸಲ ನನ್ನ ಮುಖ ನೋಡಿಯೇ ಮಾತಾಡಿದರು. "ಮೇಸ್ತ್ರಿ, ಇನ್ಮೇಲೆ ನಮ್ಮನೇದು ಏನೇ ಇರ್ಲಿ, ನೀವೇ. ಮಗನ ಮದ್ವೇಗೂ."

"ನಾನೇ ಹೇಳೋಣ ಅಂತಿದ್ದೆ" ಅಂದ ಮಗ, ಹಿಂದಿನಿಂದ ಹಪ್ಪಳ ಬಡಿಸುತ್ತ.

"ಅದೇನೋ ನಗ್ತಾರೆ ಅಂದಿದ್ಯಲ್ಲಪ್ಪ?" ಎಂದು ಚಿಕ್ಕಪ್ಪ ಕೇಳಿದರು.

"ಇನ್ನೊಂದು ಹಪ್ಪಳ ಹಾಕ್ಲಾ ತಾತ?" ಅಂದ ಹುಡುಗ. ಪಂಕ್ತಿ ಪೂರ್ತಿ ನಕ್ಕಿತು.

ಚಿಕ್ಕಪ್ಪ ಆ ನೀಲಿ ಯೂನಿಫಾರ್ಮನ್ನು ಒಂದು ದಿನವೂ ಹಾಕಿಕೊಳ್ಳಲಿಲ್ಲ. ಇಸ್ತ್ರಿ ಮುದುಡದ ಹಾಗೇ ವಾಪಸ್ಸು ಕೊಟ್ಟು ಬಂದರು. ಆ ಗೂಟದಲ್ಲಿ ಈಗ ಕೆಂಪು ಕೋಟು ತೂಗುತ್ತದೆ, ಹೊಸದು, ತೋಳಿನಲ್ಲಿ ಚಿನ್ನದ ಬಣ್ಣದ ಪಟ್ಟಿ ಇರುವುದು; ಮೆಕ್ಸಿಕೋದವರ ಫೋಟೋ ತೋರಿಸಿ ಹೊಲಿಸಿದ್ದು. ಗೆಳೆಯ ಡೆಲಿವರಿ ಕೆಲಸ ಬಿಟ್ಟ. ಚೌಕದ ಬ್ಯಾಗನ್ನು ಮಾತ್ರ ಇಟ್ಟುಕೊಂಡಿದ್ದಾನೆ, ತಾಳ ಮತ್ತು ಪೈಪು ಹಾಕಿಕೊಳ್ಳಲು ಅದರಷ್ಟು ಅನುಕೂಲ ಬೇರೆ ಇಲ್ಲವಂತೆ. ಪದ್ಮನಾಭನಗರದಿಂದ, ಉತ್ತರಹಳ್ಳಿಯಿಂದ ಫೋನು ಮಾಡುವವರು ನಮ್ಮ ಬ್ಯಾಂಡಿನ ಹೆಸರು ಹೇಳುವುದಿಲ್ಲ. "ಆ ಓಹೋಯ್ ಬ್ಯಾಂಡ್‌ನೋರು ನೀವೇನಾ?" ಅನ್ನುತ್ತಾರೆ. ಹೌದು ಸಾರ್, ನಾವೇ ಅನ್ನುತ್ತೇನೆ. ಡಿಜೆ ಗಾಡಿಗಳು ಇನ್ನೂ ಓಡಾಡುತ್ತಿವೆ, ಓಡಾಡಲಿ. ಅವಕ್ಕೆ ಬೆವರು ಬರುವುದಿಲ್ಲ, ಕೈ ತಪ್ಪುವುದೂ ಇಲ್ಲ.

ಅಪ್ಪ ಹೇಳಿದ್ದು ಸರಿಯೇ ಆಯಿತು. ಬೇಡದ್ದು ಅದರಲ್ಲಿ ಏನೂ ಇರಲಿಲ್ಲ.

ಮೊನ್ನೆ ಆಂಟಿಯ ಮನೆಗೆ ಹೋಗಿದ್ದೆ. ಮಳೆಗೆ ಒಂದು ಮೂಲೆಯಲ್ಲಿ ಬಣ್ಣ ಎದ್ದಿತ್ತು, ಸರಿಮಾಡಲು ಏಣಿ ಹತ್ತಿದ್ದೆ. ಸಂಜೆಯಾಗುತ್ತಿತ್ತು, ಕುಂಬಿಯಾ ಸ್ಟೇಷನ್ ಹಾಕಿದ್ದರು. ಹಾಡಿನ ನಡುವೆ ಎಲ್ಲವೂ ಅಡಗಿ, ಟ್ರಂಪೆಟ್ಟು ಮೂರು ಸ್ವರ ಹಾರಿ, ಢಂ ಢಢಂ ಎಂದು, ಆ ದೊಡ್ಡ ದನಿ ತನ್ನ ಸ್ಟೇಷನ್ನಿನ ಹೆಸರು ಕೂಗಿತು. ಆಂಟಿ ಅಡುಗೆಮನೆಯಿಂದಲೇ ಕೂಗಿ ಹೇಳಿದರು:

"ಕೇಳಿಸ್ತಾ? ನಿಮ್ಮ ಬ್ಯಾಂಡಿಂದು ಬಂತು ನೋಡು!"